ಹೊಸಬರಿಗೊಂದು ಕುರ್ಚಿ

ನಮ್ಮ ಮನೆಗೆ ಯಾರಾದರೂ ಬಂದರೆ ಮೊದಲು ಏನು ಮಾಡುತ್ತೇವೆ? “ಬನ್ನಿ, ಕೂತ್ಕೊಳ್ಳಿ” ಅನ್ನುತ್ತೇವೆ. ಒಂದು ಲೋಟ ನೀರು ಕೊಡುತ್ತೇವೆ. ಬಂದ ಕೆಲಸ ಏನು ಎಂದು ಕೇಳುವುದು ಆಮೇಲೆ. ಅಕ್ಷರ ಬಾರದ ನಮ್ಮಜ್ಜಿಗೂ ಈ ಮರ್ಯಾದೆ ಗೊತ್ತಿತ್ತು. ಆದರೆ ಸಾವಿರಾರು ಮಕ್ಕಳಿಗೆ ವಿದ್ಯೆ ಕೊಡುವ ಒಂದು ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ನನ್ನ ತಂಗಿ, ಕೆಲಸಕ್ಕೆ ಸೇರಿದ ಮೊದಲ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆಯ ತನಕ ನಿಂತೇ ಇದ್ದಳು!

ಅವಳ ಯಜಮಾನರು ಅದೇ ವಿಶ್ವವಿದ್ಯಾನಿಲಯದಲ್ಲಿ ಗುಮಾಸ್ತರಾಗಿದ್ದರು. ಎದೆನೋವು ಅಂತ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಇಬ್ಬರು ಮಕ್ಕಳು ಇನ್ನೂ ಸ್ಕೂಲಿನಲ್ಲಿದ್ದರು. ಪಿ.ಯು.ಸಿ. ಓದಿ ಹದಿನೈದು ವರ್ಷ ಮನೆಯಲ್ಲೇ ಇದ್ದ ತಂಗಿಗೆ ಅನುಕಂಪದ ಆಧಾರದ ಮೇಲೆ ದ್ವಿತೀಯ ದರ್ಜೆ ಸಹಾಯಕಿಯ ಕೆಲಸ ಸಿಕ್ಕಿತು. ಆದೇಶದ ಕಾಗದ ಬಂದ ದಿನ ಅವಳು ಅತ್ತಳು. ಕೆಲಸ ಸಿಕ್ಕಿದ್ದಕ್ಕೋ, ಅದು ಸಿಕ್ಕಿದ ಕಾರಣಕ್ಕೋ, ನಾನು ಕೇಳಲಿಲ್ಲ.

ಮೊದಲ ದಿನ

ಹತ್ತು ಗಂಟೆಗೇ ಹೋಗಿ ಆಡಳಿತ ಶಾಖೆಯಲ್ಲಿ ಕಾಗದ ತೋರಿಸಿದಳಂತೆ. “ಸೂಪರಿಂಟೆಂಡೆಂಟ್ ಬರಲಿ, ಇರಿ” ಎಂದರು. ಅವರು ಬಂದು, “ಕುಲಸಚಿವರ ಸಹಿ ಆಗಬೇಕು, ಇರಿ” ಎಂದರು. ಕುಲಸಚಿವರು ಮೀಟಿಂಗಿನಲ್ಲಿದ್ದರು. ಯಾರೂ ಬೈಯಲಿಲ್ಲ, ಗದರಲಿಲ್ಲ. ಆದರೆ ‘ಕೂತ್ಕೊಳ್ಳಿ’ ಅಂತಲೂ ಯಾರೂ ಅನ್ನಲಿಲ್ಲ. ಒಬ್ಬರು ಮಾತ್ರ ಪಕ್ಕದವರಿಗೆ, “ಅನುಕಂಪದವರು” ಎಂದು ಮೆಲ್ಲಗೆ ಹೇಳಿದ್ದು ಇವಳ ಕಿವಿಗೂ ಬಿತ್ತು.

ಶೌಚಾಲಯ ಎಲ್ಲಿದೆ ಎಂದು ಗಂಡಸರನ್ನು ಕೇಳಲು ಸಂಕೋಚ. ಕೊನೆಗೆ ಕಸ ಗುಡಿಸುವ ಆಯಮ್ಮ ಇವಳ ಮುಖ ನೋಡಿಯೇ ಅರ್ಥ ಮಾಡಿಕೊಂಡು, “ಬಾ ನನ್ನವ್ವ” ಅಂತ ಕರೆದುಕೊಂಡು ಹೋದಳಂತೆ. ಮಧ್ಯಾಹ್ನ ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟಳಂತೆ. ಗಾಬರಿಯಲ್ಲಿ ನನ್ನ ತಂಗಿ ಡಬ್ಬಿಯನ್ನೇ ಮನೆಯಲ್ಲಿ ಮರೆತಿದ್ದಳು.

ಸಂಜೆ ಬಂದವಳೇ, “ಅಕ್ಕಾ, ನಾನು ನಾಳೆಯಿಂದ ಹೋಗಲ್ಲ. ಹೊಲಿಗೆ ಹಾಕ್ಕೊಂಡು ಬದುಕ್ತೀನಿ” ಎಂದಳು. “ನಿನಗೇನು ಹುಚ್ಚೇನೇ! ಮಕ್ಕಳ ಮುಖ ನೋಡು” ಎಂದು ನಾನೇ ಗದರಿದೆ. ರಾತ್ರಿ ನನಗೂ ನಿದ್ದೆ ಬರಲಿಲ್ಲ. ಒಂದು ಕುರ್ಚಿ, ಒಂದು ಒಳ್ಳೆಯ ಮಾತು. ಇಷ್ಟು ಇಲ್ಲದ್ದಕ್ಕೆ ಒಂದು ಸಂಸಾರದ ಅನ್ನವೇ ತಪ್ಪಿಹೋಗುತ್ತಿತ್ತಲ್ಲ!

ಮೇಷ್ಟ್ರಿಗೆ ಒಂದು ತಿಂಗಳು

ಈ ವಿಷಯ ನಮ್ಮ ಮನೆಯವರ ಹತ್ತಿರ ಹೇಳಿದಾಗ ಅವರು ಒಂದು ಸಂಗತಿ ತಿಳಿಸಿದರು. ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರುವ ಅಧ್ಯಾಪಕರಿಗೆ ತರಬೇತಿ ಕೊಡಲೆಂದೇ 1980ರ ದಶಕದ ಕೊನೆಯಲ್ಲಿ ದೇಶದಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಶುರುವಾದವಂತೆ. ‘ಗುರು ದಕ್ಷತಾ’ ಎಂಬ ಹೆಸರಿನಲ್ಲಿ ಒಂದು ತಿಂಗಳ ಪರಿಚಯ ಶಿಬಿರವೂ ಬಂದಿತು. 2023ರಿಂದ ಈ ತರಬೇತಿಗಳು ಮಾಳವೀಯ ಮಿಷನ್ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಬಹಳ ಸಂತೋಷ. ಪಾಠ ಹೇಳುವವರಿಗೆ ಅದು ಬೇಕೇ ಬೇಕು.

ಆದರೆ ಅಂಕಪಟ್ಟಿ ಬರೆಯುವವರು, ಟಪಾಲು ನೋಡುವವರು, ಕಡತ ಹೊರುವವರು? ನನ್ನ ತಂಗಿಗೆ ಒಂದು ತಿಂಗಳಿರಲಿ, ಅರ್ಧ ದಿನವೂ ಯಾರೂ ಏನೂ ಹೇಳಿಕೊಡಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ “ನುಡಿಯಲ್ಲಿ ಟೈಪ್ ಮಾಡಿ” ಎಂದರೆ, ಅದುವರೆಗೆ ಮೊಬೈಲ್ ಬಿಟ್ಟು ಬೇರೇನೂ ಮುಟ್ಟದವಳು ಏನು ಮಾಡಬೇಕು? ಅವಳು ಒಂದು ಅಂಕಿ ತಪ್ಪಿದರೆ ಯಾವುದೋ ಹುಡುಗಿಯ ಅಂಕಪಟ್ಟಿ ತಪ್ಪುತ್ತದೆ, ಆ ಹುಡುಗಿ ದೂರದೂರಿನಿಂದ ಬಸ್ಸು ಹತ್ತಿ ನಾಲ್ಕು ಸಲ ಅಲೆಯಬೇಕಾಗುತ್ತದೆ. ಹೊಸಬರಿಗೆ ಹೇಳಿಕೊಡದಿದ್ದರೆ ನಷ್ಟ ಹೊಸಬರಿಗೆ ಮಾತ್ರವಲ್ಲ.

ದೊಡ್ಡವರೂ ಒಂದು ದಿನ ಹೊಸಬರೇ ತಾನೆ? ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದರ ಮಹಾರಾಜಾ ಕಾಲೇಜಿಗೆ 1929ರಲ್ಲಿ ಹೊಸ ಅಧ್ಯಾಪಕರಾಗಿ ಸೇರಿದ ಕುವೆಂಪು ಅವರು 1956ರಲ್ಲಿ ಆ ವಿಶ್ವವಿದ್ಯಾನಿಲಯಕ್ಕೇ ಕುಲಪತಿಗಳಾದರು. ಇಂದು ಬಾಗಿಲಲ್ಲಿ ನಿಂತವರು ನಾಳೆ ಏನಾಗುತ್ತಾರೋ ಯಾರು ಬಲ್ಲರು!

ಸೇರುವವರು ಮರೆಯಬಾರದ್ದು

ನಿಮ್ಮ ಮಗಳೋ ಸೊಸೆಯೋ ಇಂಥ ಕಡೆ ಕೆಲಸಕ್ಕೆ ಸೇರುವುದಾದರೆ, ನಾವು ಪಟ್ಟ ಪಾಡಿನಿಂದ ಕಲಿತದ್ದನ್ನು ಹೇಳುತ್ತೇನೆ, ಗುರುತು ಹಾಕಿಟ್ಟುಕೊಳ್ಳಿ.

ನೇಮಕಾತಿ ಆದೇಶ, ಅಂಕಪಟ್ಟಿಗಳು, ಜನ್ಮ ದಿನಾಂಕದ ದಾಖಲೆ, ಜಾತಿ ಪ್ರಮಾಣ ಪತ್ರ, ವೈದ್ಯಕೀಯ ಪ್ರಮಾಣ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಆರೇಳು ಫೋಟೋ ಎಲ್ಲವನ್ನೂ ಹಿಂದಿನ ರಾತ್ರಿಯೇ ಒಂದು ಫೈಲಿನಲ್ಲಿಡಿ. ಪ್ರತಿಯೊಂದಕ್ಕೂ ಜೆರಾಕ್ಸ್ ಇರಲಿ. ಕೆಲಸಕ್ಕೆ ಹಾಜರಾದ ವರದಿ ಬರೆದುಕೊಟ್ಟ ಮೇಲೆ ಅದರ ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಸರು ಬಂದಿದೆಯೇ, ಸೇವಾ ಪುಸ್ತಕ ತೆರೆದಿದ್ದಾರೆಯೇ, ಅದರಲ್ಲಿ ಹುಟ್ಟಿದ ದಿನಾಂಕ ಸರಿಯಾಗಿದೆಯೇ ಎಂದು ಕೇಳಲು ನಾಚಿಕೆ ಬೇಡ.

ಎಲ್ಲಕ್ಕಿಂತ ಮುಖ್ಯ, ನಾಮನಿರ್ದೇಶನದ ಕಾಗದ. ತಂಗಿಯ ಯಜಮಾನರು ಮದುವೆಗೆ ಮುಂಚೆ ತಮ್ಮ ತಾಯಿಯ ಹೆಸರು ಬರೆದವರು ಮತ್ತೆ ಬದಲಾಯಿಸಿರಲೇ ಇಲ್ಲ. ಅತ್ತೆ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಆ ಒಂದು ಸಾಲಿಗಾಗಿ ಇವಳು ತಿಂಗಳುಗಟ್ಟಲೆ ಅಲೆದಳು. ಇವತ್ತು ಸಂಜೆಯೇ ನಿಮ್ಮ ಮನೆಯವರನ್ನು ಈ ವಿಷಯ ಕೇಳಿ. ಅವರು ಸಿಡುಕಿದರೂ ಪರವಾಗಿಲ್ಲ!

ಹೆಣ್ಣುಮಕ್ಕಳು ಇನ್ನೊಂದು ತಿಳಿದಿರಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಹೆಂಗಸರಿಗೆ ಲೈಂಗಿಕ ಕಿರುಕುಳ ಆದರೆ ದೂರು ಕೇಳಲು ಒಂದು ಸಮಿತಿ ಇರಲೇಬೇಕು. ಇದು 2013ರ ಕಾನೂನು. ಸಮಿತಿಗೆ ಹಿರಿಯ ಮಹಿಳೆಯೇ ಅಧ್ಯಕ್ಷರು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೇರಿದ ವಾರದಲ್ಲೇ ತಿಳಿದುಕೊಂಡಿರಿ. ಬೇಕಾಗದಿರಲಿ, ಆದರೆ ಗೊತ್ತಿರಲಿ.

ಅನುಕಂಪದ ಕೆಲಸಕ್ಕೆ ಅರ್ಜಿ ಹಾಕುವವರು ದುಃಖದಲ್ಲಿ ದಿನ ಕಳೆಯಬೇಡಿ. ರಾಜ್ಯ ಸರ್ಕಾರಿ ನೌಕರರ 1996ರ ನಿಯಮದಲ್ಲಿ, ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕೆಂದಿದೆ.

ಮೊದಲೇ ಇರುವವರಿಗೊಂದು ಮಾತು

ಓದುಗ ಸೋದರಿಯರಲ್ಲಿ ಎಷ್ಟೋ ಜನ ಕಚೇರಿಗೆ ಹೋಗುವವರಿದ್ದೀರಿ. ಹೊಸಬರು ಬಂದರೆ ಹಾರ ತುರಾಯಿ ಏನೂ ಬೇಡ. ಮೊದಲು ಕೂರಿಸಿ. ನೀರು ಎಲ್ಲಿ, ಶೌಚಾಲಯ ಎಲ್ಲಿ, ಊಟ ಎಲ್ಲಿ ಎಂದು ಕೇಳುವ ಮುಂಚೆ ಹೇಳಿ. ಯಾವ ಕಾಗದ ಯಾರ ಮೇಜಿಗೆ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮುಖ ಸಿಂಡರಿಸಬೇಡಿ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಕರೆಯಿರಿ. ಕೆಲಸ ಹೇಗೆ ಸಿಕ್ಕಿತು, ಯಾರ ಜಾಗಕ್ಕೆ ಬಂದಿರಿ ಎಂದು ಕೆದಕಬೇಡಿ. ಅವರಿಗೆ ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ.

ಮನೆಯವರಿಗೂ ಒಂದು ಮಾತು. ಮೊದಲ ತಿಂಗಳು ಅವಳು ಬರುವ ಹೊತ್ತಿಗೆ ಒಂದು ಲೋಟ ಕಾಫಿ ಸಿದ್ಧವಿರಲಿ. ರಾತ್ರಿಯ ಅಡಿಗೆ ಇನ್ಯಾರಾದರೂ ನೋಡಿಕೊಳ್ಳಿ. ನಾವು ಅಕ್ಕತಂಗಿಯರು ಹತ್ತಿರದ ಬೀದಿಯಲ್ಲೇ ಇರುವುದರಿಂದ ಆ ತಿಂಗಳು ಅವಳ ಮಕ್ಕಳು ನಮ್ಮಲ್ಲೇ ಉಂಡರು.

ತಂಗಿ ಕೆಲಸಕ್ಕೆ ಸೇರಿ ಈಗ ಮೂರು ವರ್ಷವಾಯಿತು. ನುಡಿಯಲ್ಲಿ ಪಟಪಟನೆ ಟೈಪ್ ಮಾಡುತ್ತಾಳೆ. ಹೋದ ತಿಂಗಳು ಅವಳ ಸೆಕ್ಷನ್ನಿಗೆ ಒಬ್ಬ ಹುಡುಗಿ ಹೊಸದಾಗಿ ಬಂದಳಂತೆ. ಹಿಂದಿನ ದಿನ ಸಂಜೆಯೇ ಇವಳು ಉಗ್ರಾಣದಿಂದ ಒಂದು ಕುರ್ಚಿ ತರಿಸಿ, ತಾನೇ ಒರೆಸಿ, ತನ್ನ ಮೇಜಿನ ಪಕ್ಕ ಹಾಕಿಸಿದ್ದಳು. ಬೆಳಿಗ್ಗೆ ಎರಡು ಡಬ್ಬಿ ಕಟ್ಟಿಕೊಂಡು ಹೊರಟಳು.

“ಎರಡ್ಯಾಕೇ?” ಎಂದೆ.

“ಅವಳೂ ಗಾಬರಿಯಲ್ಲಿ ಮರೆತು ಬಂದಿದ್ರೆ ಅಕ್ಕಾ?” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.