ಎರೆನೆಲದ ಹತ್ತಿ, ದೂರದ ನಗರ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನಗರಗಳು ಬೆಳೆದ ಬಗೆಯನ್ನು ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲದಲ್ಲಿ ನಿಂತು ನೋಡಿದರೆ ಅದರ ಇನ್ನೊಂದು ಮುಖ ಕಾಣುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಹತ್ತಿ ಬೆಳೆದ ಊರಲ್ಲ. ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಯಂತ್ರ ನಡೆಸಿ, ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ ಅರಳೆಯನ್ನು ನೂತು ನೇಯ್ದು ಅದು ಪಟ್ಟಣವಾಯಿತು. 1840ರಲ್ಲಿ ಐದು ಸಾವಿರ ಜನರೂ ಇರದಿದ್ದ ಶಿಕಾಗೊ, ರೈಲುಹಾದಿಗಳು ಬಂದು ಕೂಡಿದ್ದರಿಂದ 1890ರ ಹೊತ್ತಿಗೆ ಹತ್ತು ಲಕ್ಷ ದಾಟಿತು.

ಅದೇ ಹತ್ತಿ ಈ ಸೀಮೆಗೂ ಬಂದಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಆ ಬೆಳೆಗೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರಾಯಿತು. ಜವಾರಿ ಹತ್ತಿಗಿಂತ ಇದರ ಎಳೆ ಬೀಜವನ್ನು ಬಿಗಿಯಾಗಿ ಹಿಡಿದಿರುವುದರಿಂದ, ಹಳ್ಳಿಯ ಉರುಳೆಗೆ ಅದು ಬಗ್ಗದೆ, ಗರಗಸದ ಹಲ್ಲುಗಳಿಂದ ಎಳೆಯನ್ನು ಕಿತ್ತೆಳೆಯುವ ಜಿನ್ನು, ಅಂದರೆ ಅರಳೆಯಿಂದ ಬೀಜ ಬೇರ್ಪಡಿಸುವ ಯಂತ್ರ, ಬೇಕಾಯಿತು. ಹೊಲ ಮತ್ತು ಯಂತ್ರ ಅಲ್ಲಿಂದಲೇ ಅಗಲತೊಡಗಿದವೆನ್ನಬಹುದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ತಲುಪದಾದಾಗ ಇಲ್ಲಿಯ ಅರಳೆಗೆ ಹಿಂದೆಂದೂ ಕಾಣದ ಬೆಲೆ ಬಂದಿತು; ಅಂಡಿಗೆ ಹೇರಿದ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಗಿದವು.

1884ರಲ್ಲಿ ಗದಗ-ಹೊಟಗಿ ರೈಲು ರೋಣ ತಾಲ್ಲೂಕಿನ ಮಲ್ಲಾಪುರ, ಹೊಳೆಆಲೂರುಗಳ ಮೇಲೆ ಹಾಯಿತು. ನರಗುಂದವೂ ಗಜೇಂದ್ರಗಡವೂ ಹಳಿಯಿಂದ ದೂರ ಉಳಿದವು. ಜಿನ್ನು, ಅರಳೆ ಒತ್ತುವ ಪ್ರೆಸ್ಸು, ದಲಾಲಿ ಅಂಗಡಿಗಳು ಗದಗಿನಲ್ಲಿ ನೆಲೆಯೂರಿದರೆ, ಹುಬ್ಬಳ್ಳಿಗೆ ರೈಲ್ವೆ ಕಾರ್ಖಾನೆ ಬಂದಿತು. 1858ರ ಬಂಡಾಯದಲ್ಲಿ ದೊರೆ ಬಾಬಾಸಾಹೇಬರನ್ನೂ ಸಂಸ್ಥಾನವನ್ನೂ ಕಳೆದುಕೊಂಡಿದ್ದ ನರಗುಂದಕ್ಕೆ ಅರಮನೆಯ ಆಸರೆಯೂ ಇರಲಿಲ್ಲ. ಗಜೇಂದ್ರಗಡದ ನೇಕಾರರು ಮಾತ್ರ ಪಟ್ಟೆದಂಚಿನ ಸೀರೆಯನ್ನು ಕೈಮಗ್ಗದಲ್ಲಿ ನೇಯ್ದು ನೂಲಿನ ಬೆಲೆಯನ್ನು ಊರಲ್ಲೇ ಉಳಿಸಿಕೊಂಡರು. ಈ ಊರುಗಳು ಹಿಂದುಳಿದವೆಂದು ಹಗುರವಾಗಿ ಹೇಳುವುದು ಅನ್ಯಾಯ. ಬೇರೆಡೆ ನಗರ ಕಟ್ಟಿದ ಸಂಪತ್ತು ಇವುಗಳ ಹೊಲದಿಂದಲೇ ಹೋಗಿದೆ.

ಮುಂದಿನ ಶತಮಾನದಲ್ಲಿ ಮಲಪ್ರಭಾ ಕಾಲುವೆ ಬಂದ ಮೇಲೆ ನರಗುಂದದ ರೈತರು ಉದ್ದೆಳೆಯ ವರಲಕ್ಷ್ಮಿ ಹತ್ತಿ ಹಾಕಿದರು. ಅದರ ಬೆಲೆ ಕುಸಿದಾಗಲೂ ನೀರಿನ ಕರ, ಅಭಿವೃದ್ಧಿ ಕರಗಳ ವಸೂಲಿ ನಿಲ್ಲಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಪ್ರತಿಭಟನೆಯ ಮೇಲೆ ಪೊಲೀಸರ ಗುಂಡು ಹಾರಿತು. ಆ ದಿನ ಸತ್ತವರ ನೆನಪಿನ ವೀರಗಲ್ಲಿಗೆ ಪ್ರತಿವರ್ಷ ರೈತರು ಬಂದು ಹೂಮಾಲೆ ಹಾಕುತ್ತಾರೆ.