ಟೈಗರನ ಮೊಣಕಾಲು



ಮೊದಲು ಒಂದು ಪ್ರಶ್ನೆ. ನಾಯಿಯ ಹಿಂಗಾಲಿನಲ್ಲಿ ಮೊಣಕಾಲು ಎಲ್ಲಿ ಉಂಟು? ಎಂಟನೇ ತರಗತಿಯಲ್ಲಿ ಕೇಳಿದಾಗ ಹೆಚ್ಚಿನವರು ಕಾಲಿನ ಕೆಳಭಾಗದಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಗಂಟನ್ನೇ ತೋರಿಸಿದರು. "ನಾಯಿಯ ಮೊಣಕಾಲು ನಮ್ಮದಕ್ಕೆ ಉಲ್ಟಾ ಬಾಗ್ತದೆ ಸಾರ್" ಎಂದ ಒಬ್ಬ. ಅದು ಮೊಣಕಾಲೇ ಅಲ್ಲ, ಹಿಮ್ಮಡಿ! ನಾಯಿ ನಮ್ಮ ಹಾಗೆ ಪೂರ್ತಿ ಪಾದ ಊರುವುದಿಲ್ಲ, ಬೆರಳುಗಳ ಮೇಲೆ ನಡೆಯುತ್ತದೆ. ನೀವು ತುದಿಗಾಲಲ್ಲಿ ನಿಂತು ಸ್ವಲ್ಪ ಕುಕ್ಕರಿಸಿ ನೋಡಿ, ನಾಯಿಯ ಹಿಂಗಾಲಿನ ಆಕಾರ ಅದೇ. ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ, ಮೇಲೆ, ಮುಂದಕ್ಕೆ ಬಾಗಿಕೊಂಡಿರುತ್ತದೆ. ರೋಮದ ಅಡಿಯಲ್ಲಿ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ನನಗೂ ಇದು ಸರಿಯಾಗಿ ಗೊತ್ತಾದದ್ದು ನಮ್ಮ ಮನೆಯ ಟೈಗರ್ ಕಾಲೆತ್ತಿಕೊಂಡು ಬಂದಾಗ. ಹೆಸರು ಟೈಗರ್ ಆದರೂ ಊರ ನಾಯಿ, 16 ಕಿಲೋ ತೂಕ. ಅಡಿಕೆ ತೋಟದಲ್ಲಿ ಒಂದು ಸಣ್ಣ ಕಣಿ ಹಾರಿದ್ದಷ್ಟೇ, ಎಡ ಹಿಂಗಾಲು ನೆಲಕ್ಕೆ ತಾಗಿಸಲಿಲ್ಲ. ಮುಳ್ಳು ಹೊಕ್ಕಿರಬೇಕೆಂದು ಪಾದವೆಲ್ಲ ಹುಡುಕಿದೆ. ಪಶುವೈದ್ಯರು ಮಾತ್ರ ಪಾದ ನೋಡಲೇ ಇಲ್ಲ. ಒಂದು ಕೈಯಲ್ಲಿ ತೊಡೆಯ ಫೀಮರ್ ಮೂಳೆ, ಇನ್ನೊಂದರಲ್ಲಿ ಅದರ ಕೆಳಗಿನ ಟಿಬಿಯಾ ಹಿಡಿದು, ಮೇಜಿನ ಡ್ರಾವರ್ ಎಳೆದ ಹಾಗೆ ಟಿಬಿಯಾವನ್ನು ಮುಂದಕ್ಕೆ ಎಳೆದರು. ಅದು ಜಾರಿ ಬಂತು. ಜಾರಬಾರದಿತ್ತು.

ಈ ಎರಡು ಮೂಳೆಗಳನ್ನು ಮೊಣಕಾಲಿನ ಒಳಗೆ ಕತ್ತರಿಯಾಕಾರದಲ್ಲಿ ಕಟ್ಟಿ ಹಿಡಿಯುವುದು ಎರಡು ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟುಗಳು. ಟೈಗರನಿಗೆ ಅದರಲ್ಲಿ ಮುಂದಿನದು ಹರಿದಿತ್ತು. ಫುಟ್ಬಾಲ್ ಆಟಗಾರರಿಗೂ ಇದೇ ಲಿಗಮೆಂಟ್ ಹರಿಯುತ್ತದೆ, ಆದರೆ ಅವರಿಗೆ ಸಾಮಾನ್ಯವಾಗಿ ಒಂದೇ ಏಟಿಗೆ. ನಾಯಿಗಳಲ್ಲಿ ಹೆಚ್ಚಾಗಿ ಅದು ತಿಂಗಳುಗಟ್ಟಲೆ ಎಳೆಎಳೆಯಾಗಿ ಸವೆದು, ಕೊನೆಗೆ ಒಂದು ಸಣ್ಣ ಹಾರಾಟಕ್ಕೆ ತುಂಡಾಗುತ್ತದೆ. ಹಾಗಾಗಿ ಕಣಿಯನ್ನು ಬೈದು ಪ್ರಯೋಜನ ಇಲ್ಲ.

ನಾಯಿಯ ಟಿಬಿಯಾದ ಮೇಲ್ಭಾಗ ಸಮತಟ್ಟಲ್ಲ, ಹಿಂದಕ್ಕೆ ಸುಮಾರು 25 ಡಿಗ್ರಿ ಇಳಿಜಾರು. ಇಳಿಜಾರು ಗುಡ್ಡೆಯಲ್ಲಿ ಜೀಪು ನಿಲ್ಲಿಸಿ ಹಗ್ಗದಿಂದ ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಜೀಪು ಫೀಮರ್, ಗುಡ್ಡೆ ಟಿಬಿಯಾ, ಹಗ್ಗ ಲಿಗಮೆಂಟ್. ಹಗ್ಗ ತುಂಡಾದರೆ ಕಾಲೂರಿದಾಗಲೆಲ್ಲ ಜೀಪು ಹಿಂದಕ್ಕೆ ಜಾರುತ್ತದೆ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಉಪಾಯ ಮಜವಾಗಿದೆ. ಹಗ್ಗದ ಗೊಡವೆಯೇ ಬೇಡ, ಗುಡ್ಡೆಯನ್ನೇ ತಟ್ಟು ಮಾಡಿ! ಟಿಬಿಯಾದ ತಲೆಯನ್ನು ಕಮಾನಾಗಿ ಕೊಯ್ದು, ತಿರುಗಿಸಿ, ಇಳಿಜಾರನ್ನು 5-6 ಡಿಗ್ರಿಗೆ ಇಳಿಸಿ ಲೋಹದ ಪಟ್ಟಿ ಕೂರಿಸುತ್ತಾರೆ. ದೊಡ್ಡ ನಾಯಿಗಳಿಗೆ ಇದು ಹೆಚ್ಚು ಬಳಕೆಯಲ್ಲಿದೆ. ಟೈಗರನಿಗೆ ಮಾಡಿದ್ದು ಹಳೆಯ, ಸರಳ ವಿಧಾನ. ಗಾಳದ ದಾರದಂಥ ದಪ್ಪ ನೈಲಾನ್ ಎಳೆಯನ್ನು ಕೀಲಿನ ಹೊರಗಡೆಯಿಂದ ಎರಡೂ ಮೂಳೆಗಳಿಗೆ ಸುತ್ತಿ ಬಿಗಿದರು.

ಇಲ್ಲಿಯೇ ನಾನು ಎಡವಿದ್ದು. ನೈಲಾನ್ ದಾರವೇ ಹೊಸ ಲಿಗಮೆಂಟ್ ಎಂದುಕೊಂಡಿದ್ದೆ. ಅಲ್ಲ. ದಾರ ಕ್ರಮೇಣ ಸಡಿಲವಾಗುತ್ತದೆ, ತುಂಡಾಗಲೂಬಹುದು. ಅಷ್ಟರೊಳಗೆ ಕೀಲಿನ ಸುತ್ತ ದೇಹವೇ ದಪ್ಪ ನಾರಿನ ಅಂಗಾಂಶ ಕಟ್ಟಿಕೊಳ್ಳಬೇಕು. ಮುಂದೆ ಮೊಣಕಾಲನ್ನು ಹಿಡಿಯುವುದು ಅದು. ಮನೆಗೆ ಟಾರಸಿ ಹಾಕುವುದನ್ನು ನೋಡಿದ್ದೀರಲ್ಲ, ಕಾಂಕ್ರೀಟು ಗಟ್ಟಿಯಾಗುವವರೆಗೆ ಭಾರ ಹೊರುವುದು ಸೆಂಟ್ರಿಂಗ್. ಈ ದಾರ ಸೆಂಟ್ರಿಂಗ್ ಮಾತ್ರ.

ಮೊದಲ ಎರಡು ವಾರ ಎಲ್ಲವೂ ಸರಿಯಾಗಿತ್ತು. ಮನೆಯ ನೆಲ ನುಣುಪು, ಅದಕ್ಕೆ ಗೋಣಿಚೀಲ ಹಾಸಿದೆವು. ಜಗಲಿಯ ಮೂಲೆಯಲ್ಲಿ ಎದ್ದು ತಿರುಗಿ ಮಲಗುವಷ್ಟೇ ಜಾಗ ಬಿಟ್ಟು ಅಡ್ಡ ಹಲಗೆ ಕಟ್ಟಿದೆವು. ಉಚ್ಚೆಗೆ ಕರೆದುಕೊಂಡು ಹೋಗುವಾಗ ಕುತ್ತಿಗೆಗೆ ಹಗ್ಗ, ಹೊಟ್ಟೆಯ ಅಡಿಗೆ ಒಂದು ಬೈರಾಸು. ಅದರ ಎರಡು ತುದಿ ಎತ್ತಿ ಹಿಡಿದರೆ ಹಿಂಗಾಲಿನ ಮೇಲೆ ಭಾರ ಬೀಳುವುದಿಲ್ಲ. ಮೊದಲ ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಮೊಣಕಾಲಿಗೆ ಇಟ್ಟೆವು. ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಕೊಳವೆ ತರುವ ಬದಲು ನಾನು ಅಡಿಕೆ ಹಾಳೆಯಲ್ಲಿ ಒಂದು ಮಾಡಿದೆ. ಎರಡೇ ದಿನ ಬಾಳಿತು. ಒಣಗಿ ಮುರುಟಿದ ಹಾಳೆಯನ್ನು ಅವನೇ ಅಗಿದು ಹಾಕಿದ. ಮತ್ತೆ ಪ್ಲಾಸ್ಟಿಕ್ಕಿನದೇ ತಂದದ್ದು.

ಗಾಯವನ್ನು ದಿನಾ ನೋಡುವ ಕೆಲಸ ಮಗಳದ್ದು. ಕೆಂಪು ಹೆಚ್ಚಾಯಿತಾ, ಊದಿತಾ, ಕೀವು, ವಾಸನೆ? ಜ್ವರ ನೋಡುವಾಗ ಒಂದು ತಮಾಷೆ ನಡೆಯಿತು. ಥರ್ಮಾಮೀಟರಿನಲ್ಲಿ 38.8 ಡಿಗ್ರಿ ಸೆಲ್ಸಿಯಸ್ ಕಂಡು ಅವಳು ಹೆದರಿದಳು. ನಮಗೆ ಅದು ಜ್ವರ, ನಾಯಿಗೆ ಅಲ್ಲ. ಆರೋಗ್ಯವಂತ ನಾಯಿಯ ಉಷ್ಣತೆ ಸುಮಾರು 38.3ರಿಂದ 39.2.

ನೋವಿನ ಔಷಧದ ಬಗ್ಗೆ ಒಂದು ಮಾತು, ದಯವಿಟ್ಟು ನೆನಪಿಡಿ. ಮನೆಯಲ್ಲಿ ನಮಗೆಂದು ತಂದಿಟ್ಟ ಮಾತ್ರೆ ನಾಯಿಗೆ ಕೊಡಬಾರದು. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಸಾಯುವುದೂ ಉಂಟು. ಡಾಕ್ಟರು ಬರೆದದ್ದು, ಬರೆದಷ್ಟೇ. ಇನ್ನೊಂದು, ನೋವಿರುವ ನಾಯಿ ಸಾಕಿದವರನ್ನೇ ಕಚ್ಚಬಹುದು; ಒಬ್ಬೊಬ್ಬರೇ ಎತ್ತಲು ಹೋಗಬೇಡಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ.

ಹನ್ನೆರಡನೇ ದಿನ ಹೊಲಿಗೆ ತೆಗೆದರು. ಮೂರನೇ ವಾರ ಟೈಗರ್ ನಾಲ್ಕೂ ಕಾಲು ಊರಿ ನಡೆಯತೊಡಗಿದ, ಬಾಲ ಅಲ್ಲಾಡಿಸಿದ, ಹಲಗೆ ಕೆರೆದು ಊಳಿಟ್ಟ. ನನಗೆ ಕನಿಕರ ಬಂತು. ಒಂದು ಆದಿತ್ಯವಾರ, ಐದೇ ನಿಮಿಷ ಅಂತ ಹಗ್ಗ ಬಿಚ್ಚಿದೆ. ಪಕ್ಕದ ಮನೆಯ ಕೋಳಿ ಅಂಗಳಕ್ಕೆ ಬರಬೇಕಾ! ಜಗಲಿಯಿಂದ ಒಂದೇ ನೆಗೆತ. ಮರುದಿನ ಬೆಳಿಗ್ಗೆ ಎಡಗಾಲು ಮತ್ತೆ ಮೇಲೆ.

ಡಾಕ್ಟರು ಮತ್ತೊಮ್ಮೆ ಡ್ರಾವರ್ ಎಳೆದು ನೋಡಿದರು. ದಾರ ಎಳೆದುಕೊಂಡು ಸಡಿಲವಾಗಿತ್ತು. "ನೋವಿಲ್ಲ ಅಂದ್ರೆ ಗುಣ ಆಯ್ತು ಅಂತ ನಿಮಗೆ ಯಾರು ಹೇಳಿದ್ದು ಮಾಷ್ಟ್ರೇ?" ಎಂದರು. ಪುನಃ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆರು ವಾರ ಕಟ್ಟುನಿಟ್ಟಾಗಿ ಕಟ್ಟಿ ಹಾಕಿ ನೋಡುವ ಎಂದರು. ಜೀವಶಾಸ್ತ್ರ ಪಾಠ ಮಾಡುವ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದಿದೆ.

ನೋವು ಕಡಿಮೆಯಾಗುವುದು ಊತ ಇಳಿದಾಗ. ಮಾತ್ರೆಯೂ ಅದನ್ನೇ ಬೇಗ ಮಾಡಿಸುತ್ತದೆ. ಅದು ದಿನಗಳ ಲೆಕ್ಕ. ಅಂಗಾಂಶ ಗಟ್ಟಿಯಾಗುವುದು ವಾರ, ತಿಂಗಳುಗಳ ಲೆಕ್ಕ. ಗಾಯದ ಜಾಗದಲ್ಲಿ ದೇಹ ಮೊದಲು ಕಟ್ಟುವುದು ತೆಳುವಾದ, ದಿಕ್ಕುದೆಸೆಯಿಲ್ಲದ ಕೊಲಾಜೆನ್ ಎಳೆಗಳನ್ನು. ಅವಸರಕ್ಕೆ ಮಾಡಿದ ಬೇಲಿಯಂತೆ. ಆಮೇಲೆ ಅದನ್ನು ಸ್ವಲ್ಪ ಸ್ವಲ್ಪವೇ ತೆಗೆದು ದಪ್ಪ ಎಳೆಗಳನ್ನು ಇಡುತ್ತದೆ, ಮತ್ತು ಯಾವ ದಿಕ್ಕಿನಲ್ಲಿ ಎಳೆತ ಬೀಳುತ್ತದೋ ಆ ದಿಕ್ಕಿಗೇ ಜೋಡಿಸುತ್ತದೆ. ಎಳೆತವೇ ಇಲ್ಲದಿದ್ದರೆ ಎಳೆಗಳು ಅಡ್ಡಾದಿಡ್ಡಿಯಾಗಿ ಉಳಿಯುತ್ತವೆ, ಎಳೆತ ಜಾಸ್ತಿಯಾದರೆ ಹರಿಯುತ್ತವೆ. ಅದಕ್ಕೇ ಡಾಕ್ಟರು ಓಟ ಬೇಡ ಎಂದದ್ದು, ಪೂರ್ತಿ ಮಲಗಿಸಿಯೂ ಇಡಬೇಡಿ ಎಂದದ್ದು. ನಿಧಾನ ನಡಿಗೆ, ಗಿಡ್ಡ ಹಗ್ಗದಲ್ಲಿ, ದಿನಕ್ಕೆ ಮೂರು ಬಾರಿ ಐದೈದು ನಿಮಿಷ. ನಿಧಾನವೇ ಏಕೆ ಗೊತ್ತಾ? ವೇಗವಾಗಿ ಹೋದರೆ ನಾಯಿ ಮೂರು ಕಾಲಲ್ಲಿ ಕುಂಟಿಕೊಂಡು ಓಡಿಬಿಡುತ್ತದೆ. ನಿಧಾನಕ್ಕೆ ನಡೆಯಬೇಕಾದರೆ ನಾಲ್ಕನೆಯ ಕಾಲನ್ನೂ ಊರಲೇಬೇಕು.

ಈ ಸಲ ಹಗ್ಗದ ತುದಿ ಮಗಳ ಕೈಯಲ್ಲಿ, ನನ್ನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಅವಳು ಒಂದು ನೋಟ್‌ಬುಕ್ ಇಟ್ಟಳು. ವಾರಕ್ಕೊಮ್ಮೆ ತೂಕ: ಟೈಗರನನ್ನು ಎತ್ತಿಕೊಂಡು ನಾನು ತಕ್ಕಡಿ ಹತ್ತುವುದು, ಅದರಿಂದ ನನ್ನ ತೂಕ ಕಳೆಯುವುದು. ಓಡಾಟ ಇಲ್ಲದ ನಾಯಿಗೆ ಮೊದಲಿನಷ್ಟೇ ಅನ್ನ ಹಾಕಿದರೆ ಬೊಜ್ಜು ಬಂದು ಅದೇ ಮೊಣಕಾಲಿಗೆ ಭಾರ, ಹಾಗಾಗಿ ಅನ್ನ ಕಾಲು ಭಾಗ ಕಡಿಮೆ ಮಾಡಿದೆವು. ಅವನು ಖಾಲಿ ಬಟ್ಟಲನ್ನು ದೂಡಿಕೊಂಡು ಅಡಿಗೆಮನೆ ಬಾಗಿಲಿಗೆ ಬರುತ್ತಿದ್ದ. ಮತ್ತೆ ಟೈಲರ್ ಟೇಪಿನಲ್ಲಿ ಎರಡೂ ತೊಡೆಗಳ ಸುತ್ತಳತೆ, ಪ್ರತಿ ಸಲ ಒಂದೇ ಜಾಗದಲ್ಲಿ. ಬಳಸದ ಸ್ನಾಯು ಎಷ್ಟು ಬೇಗ ಕರಗುತ್ತದೆ ಎಂದು ಅದರಲ್ಲಿ ಕಾಣುತ್ತದೆ. ಆರಂಭದಲ್ಲಿ ಬಲ 30 ಸೆಂಟಿಮೀಟರ್, ಎಡ 26 ಇತ್ತು.

ಆರು ವಾರದ ಕೊನೆಗೆ ಡ್ರಾವರ್ ಹೆಚ್ಚು ಜಾರಲಿಲ್ಲ. ನಡಿಗೆಯನ್ನು ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿದೆವು, ಆಮೇಲೆ ಗುಡ್ಡೆಯ ಏರು. ಎರಡನೇ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಒಂದು ಕಾಲಿನ ಲಿಗಮೆಂಟ್ ಹರಿದ ನಾಯಿಗಳಲ್ಲಿ ಅನೇಕಕ್ಕೆ ಇನ್ನೊಂದು ಕಾಲಿನದೂ ಮುಂದೆ ಹರಿಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ, ಆದ್ದರಿಂದ ಮಗಳು ಅಳೆಯುವುದನ್ನು ನಿಲ್ಲಿಸಿಲ್ಲ. ಕಳೆದ ಆದಿತ್ಯವಾರ ಬಲ 30, ಎಡ 29. ಹತ್ತಿರದಲ್ಲೇ ಕೋಳಿ ಕೆದಕುತ್ತಿತ್ತು. ಹಗ್ಗದ ತುದಿ ಅವಳ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೇ ಇತ್ತು.