ಕಾವಲುಗಾರನ ಕೈಯಲ್ಲಿ ಕೋವಿ: ಅನುಮತಿ ಯಾರದು, ಹೊಣೆ ಯಾರದು?



ಬ್ಯಾಂಕಿನ ಬಾಗಿಲಲ್ಲಿ ಜೋಡಿನಳಿಗೆಯ ಕೋವಿ ಹಿಡಿದು ನಿಂತ ಕಾವಲುಗಾರರನ್ನು ನೀವೆಲ್ಲ ನೋಡಿದ್ದೀರಿ. ಎ.ಟಿ.ಎಂ.ಗೆ ಹಣ ತರುವ ವಾಹನದ ಪಕ್ಕದಲ್ಲೂ ಅಂಥವರೊಬ್ಬರು ಇರುತ್ತಾರೆ. ಆ ಕೋವಿ ಯಾರಿಗೆ ಸೇರಿದ್ದು? ಅದನ್ನು ಹಿಡಿಯಲು ಅವರಿಗೆ ಅನುಮತಿ ಕೊಟ್ಟವರು ಯಾರು? ಓದು ಮುಗಿಸಿ, ಅಥವಾ ಓದನ್ನು ಅರ್ಧಕ್ಕೇ ಬಿಟ್ಟು, ಸೆಕ್ಯುರಿಟಿ ಕೆಲಸಕ್ಕೆ ಸೇರುವ ಯುವಕರು ನಮ್ಮಲ್ಲಿ ಅನೇಕರಿದ್ದಾರೆ. ನಿಮ್ಮ ಅಣ್ಣನೋ ಗೆಳೆಯನೋ ಅವರಲ್ಲಿ ಒಬ್ಬನಾಗಿರಬಹುದು. ಆದ್ದರಿಂದ ಈ ವಿಷಯದ ಕಾನೂನನ್ನು ತಿಳಿದಿರುವುದು ಒಳ್ಳೆಯದು.

ಹಿನ್ನೆಲೆ

1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯಿದೆಯನ್ನು ಹೇರಿದಾಗ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆ ಎದ್ದ ಕಥೆ ನಿಮಗೆ ಗೊತ್ತಿದೆ. ಮುಂದೆ 1878ರ ಶಸ್ತ್ರಾಸ್ತ್ರ ಕಾಯಿದೆ ಬಂದಿತು. ಸ್ವತಂತ್ರ ಭಾರತ ಅದನ್ನು ಕೈಬಿಟ್ಟು 1959ರಲ್ಲಿ ಹೊಸ ಕಾಯಿದೆ ಮಾಡಿತು. ಅದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು ಈ ಕಾಯಿದೆ ಹೇಳುತ್ತದೆ. ಆದರೆ ಕೋವಿ ಇಟ್ಟುಕೊಳ್ಳುವುದು ಎಲ್ಲರ ಹಕ್ಕು ಎಂದು ಅದು ಹೇಳುವುದಿಲ್ಲ.

ಎರಡು ಪರವಾನಗಿಗಳು

ಇಲ್ಲಿ ಎರಡು ಕಾಯಿದೆಗಳನ್ನು ಬೇರೆ ಬೇರೆಯಾಗಿ ಅರಿಯಬೇಕು. ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯಿದೆ. ಇದರ ಪ್ರಕಾರ ಕಾವಲುಗಾರನಿಗೆ 18 ವರ್ಷ ತುಂಬಿರಬೇಕು, ವಯಸ್ಸು 65 ಮೀರಿರಬಾರದು, ಅವನ ಪೂರ್ವಾಪರ ಪರಿಶೀಲನೆಯಾಗಿರಬೇಕು, ನಿಗದಿತ ತರಬೇತಿ ಮುಗಿದಿರಬೇಕು. 2006ರ ಮಾದರಿ ನಿಯಮಗಳು 100 ಗಂಟೆಗಳ ಪಾಠ ಮತ್ತು 60 ಗಂಟೆಗಳ ಕ್ಷೇತ್ರ ತರಬೇತಿಯನ್ನು ಸೂಚಿಸಿದವು. ಅವುಗಳಲ್ಲಿ ಆಯುಧ ಬಳಕೆಯ ಪಾಠ ಐಚ್ಛಿಕವಾಗಿತ್ತು.

ಏಜೆನ್ಸಿಗೆ ಸಿಗುವ ಈ ಪರವಾನಗಿ ಕಾವಲು ನಡೆಸುವ ವ್ಯವಹಾರಕ್ಕೆ ಮಾತ್ರ. ಕೋವಿಗೆ 1959ರ ಕಾಯಿದೆಯಡಿ ಪ್ರತ್ಯೇಕ ಪರವಾನಗಿ ಬೇಕು. ವಯಸ್ಸಿನ ವ್ಯತ್ಯಾಸವನ್ನೂ ಗಮನಿಸಿ. ಹದಿನೆಂಟಕ್ಕೆ ಕಾವಲುಗಾರನಾಗಬಹುದು. ಆದರೆ 21 ತುಂಬುವ ಮೊದಲು ಬಂದೂಕು ಹೊಂದುವುದನ್ನೂ ಒಯ್ಯುವುದನ್ನೂ ಕಾಯಿದೆ ನಿಷೇಧಿಸುತ್ತದೆ. ಎನ್.ಸಿ.ಸಿ.ಯಂತಹ ತರಬೇತಿಗೆ ಬೇರೆ ಅವಕಾಶವಿದೆ.

ಪರವಾನಗಿ ಪಡೆಯುವ ಬಗೆ

ಅರ್ಜಿಯನ್ನು ಜಿಲ್ಲಾಧಿಕಾರಿಗೆ ಸಲ್ಲಿಸಬೇಕು. ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ. ಹತ್ತಿರದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಂಡು ಅವರು ತೀರ್ಮಾನಿಸುತ್ತಾರೆ. 2016ರ ನಿಯಮಗಳು ವೈದ್ಯಕೀಯ ಪ್ರಮಾಣಪತ್ರವನ್ನೂ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನೂ ಕೇಳುತ್ತವೆ. ಅರ್ಜಿ ನಿರಾಕರಣೆಯಾದರೆ ಮೇಲ್ಮನವಿಗೆ ಅವಕಾಶವಿದೆ. 2019ರ ತಿದ್ದುಪಡಿಯ ಬಳಿಕ ಸಾಮಾನ್ಯವಾಗಿ ಒಬ್ಬರು ಎರಡು ಬಂದೂಕುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ನಮ್ಮ ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಆಯುಧಗಳ ಮಟ್ಟಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಬೇರೆಯವರ ಕೋವಿ, ನಿಮ್ಮ ಜೈಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆಲಸಕ್ಕೆ ಸೇರಿದ ದಿನವೇ ಮೇಲ್ವಿಚಾರಕ ಒಂದು ಕೋವಿ ಕೊಟ್ಟು, "ಲೈಸೆನ್ಸ್ ಸಾಹೇಬರ ಹೆಸರಲ್ಲಿದೆ, ನೀನು ಹಿಡ್ಕೊಂಡು ನಿಂತ್ಕೋ ಸಾಕು" ಎಂದನೆಂದು ಭಾವಿಸಿ. ಇದು ಸರಿಯೇ?

ಪರವಾನಗಿ ಇಲ್ಲದವರು ಇನ್ನೊಬ್ಬರ ಬಂದೂಕನ್ನು ಒಯ್ಯಲು ಕಾಯಿದೆಯ 3ನೆಯ ಕಲಂ ಸಣ್ಣದೊಂದು ಅವಕಾಶ ಕೊಡುತ್ತದೆ. ಮಾಲೀಕರ ಸಮಕ್ಷಮದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇಲೆ ಒಯ್ಯಬಹುದು. ಅದೂ ದುರಸ್ತಿಗೆ, ಪರವಾನಗಿ ನವೀಕರಣಕ್ಕೆ, ಇಲ್ಲವೇ ಆ ಮಾಲೀಕರೇ ಬಳಸುವುದಕ್ಕೆ ಮಾತ್ರ. ದಿನವಿಡೀ ಬಾಗಿಲಲ್ಲಿ ಕಾವಲು ನಿಲ್ಲುವುದು ಈ ಮೂರರಲ್ಲಿ ಯಾವುದೂ ಅಲ್ಲ. ಮಾಲೀಕರ ಅಥವಾ ಸಂಸ್ಥೆಯ ಪರವಾನಗಿಯಲ್ಲಿ, ಕೋವಿ ಒಯ್ಯುವ ನೌಕರನ ಹೆಸರನ್ನೂ ನಮೂದಿಸುವ ಕ್ರಮವಿದೆ. ಅಂಥ ನೌಕರನನ್ನು ರಿಟೇನರ್ ಎನ್ನುತ್ತಾರೆ. ಆ ಹೆಸರು ನಿಮ್ಮದಲ್ಲದಿದ್ದರೆ, ತಪಾಸಣೆಯ ದಿನ ಅಪರಾಧಿಯ ಸ್ಥಾನದಲ್ಲಿ ನಿಲ್ಲುವವರು ನೀವೇ. ಪರವಾನಗಿ ಇಲ್ಲದೆ ಬಂದೂಕು ಹೊಂದಿದ್ದಕ್ಕೆ 2019ರ ತಿದ್ದುಪಡಿ ಎರಡರಿಂದ ಐದು ವರ್ಷಗಳ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ತಿಂಗಳ ಸಂಬಳಕ್ಕೆ ದುಡಿಯುವ ಮನೆಗೆ ಇದು ಎಂಥ ಪೆಟ್ಟು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಯ್ಯುವಾಗ, ಬಳಸುವಾಗ

ಪರವಾನಗಿ ಇದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಕೋವಿ ಒಯ್ಯುವಂತಿಲ್ಲ. ಅದು ಊರ್ಜಿತವಾಗುವ ಪ್ರದೇಶ ಪರವಾನಗಿಯಲ್ಲೇ ಬರೆದಿರುತ್ತದೆ. ವಿಶೇಷ ಅನುಮತಿಯಿಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಾಲಾ ಕಾಲೇಜುಗಳ ಆವರಣಕ್ಕೆ ಅದನ್ನು ಒಯ್ಯಬಾರದು. ಸಾರ್ವಜನಿಕ ಸ್ಥಳದಲ್ಲಿ ಝಳಪಿಸುವುದು ನಿಷಿದ್ಧ. ಮದುವೆಯ ಸಂಭ್ರಮದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಸಮವಸ್ತ್ರ ತೊಟ್ಟ ಕಾವಲುಗಾರ ಪೊಲೀಸನಲ್ಲ. ಗುಂಡು ಹಾರಿಸುವ ಪ್ರಸಂಗ ಬಂದರೆ ಅವನಿಗಿರುವುದು ಎಲ್ಲ ನಾಗರಿಕರಿಗೂ ಇರುವ ಆತ್ಮರಕ್ಷಣೆಯ ಹಕ್ಕು ಮಾತ್ರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿ ಅದರ ವಿವರವಿದೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎಂಬುದು ಅದರ ತಿರುಳು. ಓಡಿಹೋಗುತ್ತಿರುವ ಜೇಬುಗಳ್ಳನ ಬೆನ್ನಿಗೆ ಗುಂಡು ಹೊಡೆದವನು ಕರ್ತವ್ಯ ಮಾಡಿದೆನೆಂದು ಹೇಳಿ ಪಾರಾಗಲಾರ.

ಕೆಲಸಕ್ಕೆ ಸೇರುವ ಮೊದಲು

ನೀವಾಗಲಿ ನಿಮ್ಮವರಾಗಲಿ ಇಂಥ ಕೆಲಸಕ್ಕೆ ಹೊರಟರೆ ನಾಲ್ಕು ಪ್ರಶ್ನೆ ಕೇಳಿ. ಏಜೆನ್ಸಿಗೆ ಪರವಾನಗಿ ಇದೆಯೇ? ಕೋವಿಯ ಪರವಾನಗಿ ಯಾರ ಹೆಸರಿನಲ್ಲಿದೆ? ಅದರಲ್ಲಿ ನನ್ನ ಹೆಸರಿದೆಯೇ? ಅದರ ಅವಧಿ ಎಂದು ಮುಗಿಯುತ್ತದೆ? ಕಾಗದವನ್ನು ಕಣ್ಣಾರೆ ನೋಡಿ, ಓದಿ. ತೋರಿಸಲು ಹಿಂಜರಿದರೆ ಕೋವಿಯನ್ನು ಮುಟ್ಟದಿರುವುದೇ ಲೇಸು. ಲಾಠಿ ಹಿಡಿದು ಕಾವಲು ಕಾಯುವುದರಲ್ಲಿ ಅಗೌರವವೇನೂ ಇಲ್ಲ.